ಕಸಿದದ್ದು ನದಿಯನ್ನು, ದೂರಿದ್ದು ರಕ್ತವನ್ನು

ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಕೂರಿಸಿ, ಆಮೇಲೆ ರಕ್ತ ತೆಗೆಯುವ ಪರೀಕ್ಷೆ ನಮ್ಮ ತಾಲ್ಲೂಕು ಕೇಂದ್ರಗಳ ಲ್ಯಾಬ್‌ಗಳಲ್ಲೂ ನಡೆಯುತ್ತದೆ. ಅಂಕಿ 200 ಮುಟ್ಟಿದರೆ ಸಕ್ಕರೆ ಕಾಯಿಲೆ ಎಂದು ಬರೆದುಕೊಡುತ್ತಾರೆ. ಈ 200ರ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ವೈದ್ಯವಿಜ್ಞಾನ ನಿರ್ಧರಿಸುವಾಗ ಬಹಳ ದೊಡ್ಡ ಆಧಾರವಾದದ್ದು ಅಮೆರಿಕದ ಅರಿಝೋನಾ ಮರುಭೂಮಿಯ ಒಂದು ಮೂಲನಿವಾಸಿ ಸಮುದಾಯದ ರಕ್ತ. ಹೊರಗಿನವರು ಅವರನ್ನು ಪೀಮಾ ಎಂದರು. ಅವರು ತಮ್ಮನ್ನು ಅಕಿಮೆಲ್ ಓಓಧಮ್, ಅಂದರೆ ನದಿಯ ಜನ, ಎಂದು ಕರೆದುಕೊಳ್ಳುತ್ತಾರೆ. 1965ರಿಂದ ನಾಲ್ಕು ದಶಕ ಕಾಲ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು ಅವರನ್ನು ಮತ್ತೆ ಮತ್ತೆ ಪರೀಕ್ಷಿಸಿದರು. 35 ದಾಟಿದವರಲ್ಲಿ ಅರ್ಧದಷ್ಟು ಮಂದಿಗೆ ಡಯಾಬಿಟಿಸ್ ಇತ್ತು. ಜಗತ್ತಿನಲ್ಲಿ ಅಲ್ಲಿಯವರೆಗೆ ಎಲ್ಲಿಯೂ ಕಾಣದ ಪ್ರಮಾಣ ಅದು.

ಇಷ್ಟು ಕೊಟ್ಟ ಜನಕ್ಕೆ ಜಗತ್ತು ಹಿಂದಿರುಗಿಸಿದ್ದು ಒಂದು ಅಪವಾದವನ್ನು: ನಿಮ್ಮ ರಕ್ತವೇ ಹಾಗಿದೆ ಎಂದು.

ಈ ಮಾತಿಗೆ ಸಿದ್ಧಾಂತದ ರೂಪ ಸಿಕ್ಕಿದ್ದು 1962ರಲ್ಲಿ. ತಳಿವಿಜ್ಞಾನಿ ಜೇಮ್ಸ್ ನೀಲ್ ‘ಉಳಿತಾಯದ ವಂಶವಾಹಿ’ಯ ಊಹೆಯನ್ನು ಮುಂದಿಟ್ಟರು. ಬರಗಾಲದಲ್ಲಿ ಬದುಕುಳಿಯಲೆಂದು ಕೊಬ್ಬು ಕೂಡಿಡಲು ಒಗ್ಗಿದ ದೇಹ, ಸಮೃದ್ಧಿ ಬಂದಾಗ ಅದೇ ಗುಣದಿಂದ ಕೆಡುತ್ತದೆ ಎಂಬುದು ಅದರ ಸಾರ. ನೀಲ್ ಇದನ್ನು ಪೀಮಾ ಜನರಿಗಾಗಿಯೇ ಹೇಳಿದ್ದಲ್ಲ. ಮುಂದೆ ತಮ್ಮ ಊಹೆಯನ್ನು ತಾವೇ ಬಹಳಷ್ಟು ಸಡಿಲಿಸಿದರು ಕೂಡ. ಆದರೆ ಮಾತು ಅವರ ಕೈಮೀರಿ ಹೋಗಿತ್ತು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಆದಿವಾಸಿಗಳ ಬೊಜ್ಜು, ಬಿಪಿ, ಶುಗರ್, ಕಿಡ್ನಿ ವೈಫಲ್ಯ ಎಲ್ಲಕ್ಕೂ ಅದೇ ವಿವರಣೆಯಾಯಿತು. ವೈದ್ಯರು ಮೆಟಬಾಲಿಕ್ ಸಿಂಡ್ರೋಮ್ ಎಂದು ಕರೆಯುವ ಇಡೀ ಗುಚ್ಛಕ್ಕೆ ಹುಟ್ಟೇ ಕಾರಣವೆಂದರೆ ಸರ್ಕಾರಗಳು ಉತ್ತರಿಸಬೇಕಾದ ಪ್ರಶ್ನೆಯೇ ಉಳಿಯುವುದಿಲ್ಲ. ನನ್ನ ಆಕ್ಷೇಪ ಇರುವುದು ಇಲ್ಲೇ. ಪೀಮಾ ಜನರ ಕಾಯಿಲೆಗೆ ಒಂದು ಇತಿಹಾಸವಿದೆ, ಅದರಲ್ಲಿ ಅಪರಾಧವೂ ಇದೆ.

ಗೀಲಾ ನದಿಯ ದಂಡೆಯಲ್ಲಿ ಕಾಲುವೆ ತೋಡಿ ಬೇಸಾಯ ಮಾಡಿದ ಪರಂಪರೆ ಅವರದು. ಮೆಕ್ಕೆಜೋಳ, ಕುಂಬಳ, ಬರಕ್ಕೆ ಬಗ್ಗದ ಟೆಪರಿ ಅವರೆ ಬೆಳೆಯುತ್ತಿದ್ದರು. ನಮ್ಮ ಬಳ್ಳಾರಿ ಜಾಲಿಯ ದಾಯಾದಿಯಾದ ಮೆಸ್ಕೀಟ್ ಮರದ ಕಾಯಿಯನ್ನು ಕುಟ್ಟಿ ಹಿಟ್ಟು ಮಾಡುತ್ತಿದ್ದರು. ನಿಧಾನವಾಗಿ ಅರಗುವ, ರಕ್ತದಲ್ಲಿ ಸಕ್ಕರೆಯನ್ನು ಒಮ್ಮೆಲೇ ಏರಿಸದ ಆಹಾರಗಳಿವು. 1849ರಲ್ಲಿ ಚಿನ್ನದ ಆಸೆಯಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟ ಬಿಳಿಯರ ದಂಡಿಗೆ ಗೋಧಿ ಕೊಟ್ಟು ಕಾಪಾಡಿದವರೂ ಇವರೇ. ಮುಂದಿನ ದಶಕಗಳಲ್ಲಿ ಬಿಳಿಯ ವಲಸಿಗರು ಮೇಲ್ದಂಡೆಯಲ್ಲಿ ನೆಲೆಯೂರಿ ನದಿಯನ್ನು ತಮ್ಮ ಹೊಲಗಳಿಗೆ ತಿರುಗಿಸಿಕೊಂಡರು. ಕೆಳಗಿನ ಹೊಲಗಳು ಒಣಗಿದವು. 19ನೇ ಶತಮಾನ ಮುಗಿಯುವ ಹೊತ್ತಿಗೆ ಗೋಧಿ ಮಾರುತ್ತಿದ್ದವರು ಮೆಸ್ಕೀಟ್ ಮರಗಳನ್ನೇ ಕಡಿದು ಸೌದೆ ಮಾರಿ ಬದುಕಬೇಕಾಯಿತು. ಹಸಿವಿನಿಂದ ಸತ್ತವರೂ ಇದ್ದರು. ನೀರು ಕೊಡುತ್ತೇವೆಂದು 1930ರಲ್ಲಿ ಉದ್ಘಾಟಿಸಿದ ಕೂಲಿಡ್ಜ್ ಅಣೆಕಟ್ಟೆಯಿಂದಲೂ ಅವರ ಬೇಸಾಯ ಮತ್ತೆ ಚಿಗುರಲಿಲ್ಲ. ನೀರಿನ ಬದಲು ಬಂದದ್ದು ಸರ್ಕಾರಿ ಪಡಿತರ: ಮೈದಾ, ಸಕ್ಕರೆ, ಹಂದಿಕೊಬ್ಬು, ಡಬ್ಬಿಯ ಮಾಂಸ.

1940ರಲ್ಲಿ ಡಯಾಬಿಟಿಸ್ ತಜ್ಞ ಎಲಿಯಟ್ ಜಾಸ್ಲಿನ್ ಅರಿಝೋನಾದ ಸಮೀಕ್ಷೆ ಪ್ರಕಟಿಸಿದಾಗ ಪೀಮಾ ಜನರಲ್ಲಿ ಈ ಕಾಯಿಲೆ ಬೇರೆಯವರಿಗಿಂತ ವಿಶೇಷವಾಗಿ ಹೆಚ್ಚೇನೂ ಇರಲಿಲ್ಲ. ಕಾಲು ಶತಮಾನದಲ್ಲಿ ಅದು ಮಹಾಮಾರಿಯಾಯಿತು. ಅಷ್ಟರೊಳಗೆ ಯಾವ ಜನಾಂಗದ ವಂಶವಾಹಿಯೂ ಬದಲಾಗುವುದಿಲ್ಲ.

ಇದಕ್ಕಿಂತ ಬಲವಾದ ಸಾಕ್ಷ್ಯ ಗಡಿಯಾಚೆ ಇದೆ. ಮೆಕ್ಸಿಕೊದ ಸೊನೋರಾ ಬೆಟ್ಟಗಳಲ್ಲಿರುವ ಮೈಕೋಬಾ ಎಂಬ ಊರಿನ ಪೀಮಾಗಳು ಅರಿಝೋನಾದವರ ರಕ್ತಸಂಬಂಧಿಗಳು. ಅವರು ಹೊಲದಲ್ಲಿ ದುಡಿಯುತ್ತ, ತಾವು ಬೆಳೆದ ಮೆಕ್ಕೆಜೋಳ, ಹುರುಳಿಕಾಯಿ ಬೀಜ ತಿನ್ನುತ್ತ ಉಳಿದುಕೊಂಡಿದ್ದರು. 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅರಿಝೋನಾದ ಪೀಮಾಗಳಲ್ಲಿ ಡಯಾಬಿಟಿಸ್ ಶೇ 38, ಮೈಕೋಬಾದಲ್ಲಿ ಶೇ 6.9. ಒಂದೇ ರಕ್ತ, ಎರಡು ಬದುಕು.

ತಾಯಂದಿರ ವಿಷಯ ಇನ್ನೂ ಮನ ಕಲಕುವಂಥದು. ಪೀಮಾ ಕುಟುಂಬಗಳಲ್ಲಿ, ತಾಯಿಗೆ ಕಾಯಿಲೆ ಬರುವ ಮೊದಲು ಹುಟ್ಟಿದ ಮಗುವನ್ನೂ ಬಂದ ಮೇಲೆ ಹುಟ್ಟಿದ ಮಗುವನ್ನೂ ಹೋಲಿಸಿ ನೋಡಿದರು. ನಂತರ ಹುಟ್ಟಿದವರಿಗೆ ಡಯಾಬಿಟಿಸ್ ಅಪಾಯ ಮೂರು ಪಟ್ಟಿಗೂ ಹೆಚ್ಚಿತ್ತು. ಅಪ್ಪ ಅಮ್ಮ ಅವರೇ, ಬೇರೆಯಾದದ್ದು ಗರ್ಭದೊಳಗಿನ ಸಕ್ಕರೆ. ಹೀಗೆ ಒಂದು ತಲೆಮಾರಿಗೆ ಮಾಡಿದ ಅನ್ಯಾಯ ವಂಶವಾಹಿಯ ಹಂಗಿಲ್ಲದೆಯೇ ಮುಂದಿನ ತಲೆಮಾರಿನ ಮೈಗೆ ಇಳಿಯುತ್ತದೆ. ಹೊರಗಿನಿಂದ ನೋಡಿದವರು ಅದನ್ನೇ ಜನ್ಮಸಿದ್ಧ ಗುಣ ಎಂದುಕೊಂಡರು.

ವಂಶವಾಹಿಗೆ ಪಾತ್ರವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕೆನಡಾದ ಓಜಿ-ಕ್ರೀ ಜನರಲ್ಲಿ ಡಯಾಬಿಟಿಸ್ ಅಪಾಯ ಹೆಚ್ಚಿಸುವ ಒಂದು ವಿಶಿಷ್ಟ ವಂಶವಾಹಿ ರೂಪ 1999ರಲ್ಲಿ ಪತ್ತೆಯಾಯಿತು. ಆದರೆ ಅದನ್ನು ಹೊತ್ತ ಹಿರಿಯರು ಬೇಟೆಯಾಡಿ, ಮೀನು ಹಿಡಿದು ಆರೋಗ್ಯವಾಗಿಯೇ ಬಾಳಿದ್ದರು. ಮೈಯಲ್ಲಿ ಸುಮ್ಮನಿದ್ದದ್ದನ್ನು ಕೆರಳಿಸಿದ್ದು ಯಾವುದು ಎಂದು ಕೇಳುವುದೇ ಸರಿಯಾದ ಪ್ರಶ್ನೆ. ವಿಧಿಲಿಖಿತ ಎಂಬ ವಾದವನ್ನು ಅಮೆರಿಕದ ಅಂಕಿಅಂಶಗಳೇ ಸುಳ್ಳು ಮಾಡಿವೆ. 1997ರಲ್ಲಿ ಅಲ್ಲಿನ ಸಂಸತ್ತು ಮೂಲನಿವಾಸಿಗಳ ಡಯಾಬಿಟಿಸ್‌ಗಾಗಿ ಪ್ರತ್ಯೇಕ ಹಣ ಕೊಟ್ಟಿತು. ಕಾರ್ಯಕ್ರಮ ರೂಪಿಸುವುದರಲ್ಲಿ ಬುಡಕಟ್ಟುಗಳಿಗೇ ಅಧಿಕಾರವಿತ್ತು. 1996ರಿಂದ 2013ರ ಅವಧಿಯಲ್ಲಿ ಅವರಲ್ಲಿ ಡಯಾಬಿಟಿಸ್‌ನಿಂದಾಗುವ ಕಿಡ್ನಿ ವೈಫಲ್ಯ ಶೇ 54ರಷ್ಟು ಇಳಿಯಿತು.

ರಕ್ತದ ಮೇಲಿನ ಈ ಹಟ ಇನ್ನೊಂದು ಅನ್ಯಾಯಕ್ಕೂ ದಾರಿ ಮಾಡಿತು. ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ಹವಾಸುಪಾಯ್ ಜನ 1990ರ ಸುಮಾರಿಗೆ ಡಯಾಬಿಟಿಸ್‌ಗೆ ಪರಿಹಾರ ಸಿಗಬಹುದೆಂಬ ನಂಬಿಕೆಯಿಂದ ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ರಕ್ತ ಕೊಟ್ಟರು. ಅದನ್ನು ಸ್ಕಿಜೋಫ್ರೇನಿಯಾ, ಒಳಸಂಬಂಧ, ಪೂರ್ವಜರ ವಲಸೆಯ ಅಧ್ಯಯನಗಳಿಗೆ ಅವರಿಗೆ ತಿಳಿಸದೆ ಬಳಸಲಾಯಿತು. ಮೊಕದ್ದಮೆ 2010ರಲ್ಲಿ ರಾಜಿಯಲ್ಲಿ ಮುಗಿಯಿತು. ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ತೆತ್ತು ಉಳಿದ ರಕ್ತವನ್ನು ಹಿಂದಿರುಗಿಸಿತು.

ಇಷ್ಟು ದೂರದ ಕಥೆಯನ್ನು ಈಗ ಹೇಳುವುದಕ್ಕೆ ಕಾರಣವಿದೆ. ಗುಜರಾತ್ ಸರ್ಕಾರ 2025ರಲ್ಲಿ 2,000 ಆದಿವಾಸಿಗಳ ಜೀನೋಮ್ ಓದುವ ಯೋಜನೆ ಪ್ರಕಟಿಸಿದೆ. 2023ರಿಂದ ಸಿಕಲ್ ಸೆಲ್ ರಕ್ತಹೀನತೆಗಾಗಿ ದೇಶದ ಆದಿವಾಸಿ ಪ್ರದೇಶಗಳಲ್ಲೆಲ್ಲ ತಪಾಸಣೆ ನಡೆದಿದೆ. ಸಿಕಲ್ ಸೆಲ್ ನಿಜಕ್ಕೂ ವಂಶವಾಹಿಯ ಕಾಯಿಲೆ, ಅದಕ್ಕೆ ತಪಾಸಣೆ ಬೇಕೇ ಬೇಕು. ಆದರೆ ಬಿಪಿ, ಶುಗರ್ ಹಾಡಿಗಳಿಗೆ ಕಾಲಿಟ್ಟಾಗ ಅದನ್ನೂ ರಕ್ತದ ಲೆಕ್ಕಕ್ಕೇ ಬರೆದುಬಿಡುವ ಅಪಾಯ ನಮ್ಮ ಮುಂದಿದೆ. ನಾಗರಹೊಳೆಯ ಜೇನುಕುರುಬರನ್ನು ಕಾಡಿನಿಂದ ಹೊರಗೆ ತಂದಾಗ ಗೆಡ್ಡೆಗೆಣಸು, ಜೇನು, ಸೊಪ್ಪು ಕಾಡಲ್ಲೇ ಉಳಿದವು. ಕಾನೂನಿನ ಬಲದಿಂದ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕುಮರಿ ಬೇಸಾಯ ನಿಂತಿತು, ಕಾಡಿನ ಉತ್ಪನ್ನ ಸಂಗ್ರಹಕ್ಕೂ ತಡೆ ಬಿತ್ತು. ತಟ್ಟೆಯಲ್ಲಿ ರಾಗಿ, ನವಣೆ ಇದ್ದ ಜಾಗಕ್ಕೆ ಪಡಿತರದ ಬಿಳಿ ಅಕ್ಕಿ ಬಂತು. ಸೋಲಿಗರು ಹೋರಾಡಿ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದರು. ಆದರೆ ಅರಣ್ಯ ಹಕ್ಕು ಕಾಯ್ದೆಯಡಿ ರಾಜ್ಯದಲ್ಲಿ ಸಲ್ಲಿಕೆಯಾದ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾಗಿವೆ.

ಪೀಮಾ ಜನರಿಗೆ ವರ್ಷಕ್ಕೆ 6,53,500 ಎಕರೆ-ಅಡಿ ನೀರಿನ ಹಕ್ಕನ್ನು ಕಾಯ್ದೆ ಮೂಲಕ ಅಮೆರಿಕ ಒಪ್ಪಿಕೊಂಡದ್ದು 2004ರಲ್ಲಿ. ಆ ಹೊತ್ತಿಗೆ ಅವರ ಹೊಲಗಳು ಒಣಗಿ ನೂರು ವರ್ಷ ದಾಟಿತ್ತು. ನಾವು ಅಷ್ಟು ಕಾಯಬೇಕಿಲ್ಲ. ಯಾವ ಹಾಡಿಯಲ್ಲಾಗಲಿ ಸಂಶೋಧನೆಗೆ ಸೂಜಿ ಚುಚ್ಚುವ ಮೊದಲು ಗ್ರಾಮಸಭೆಯ ಒಪ್ಪಿಗೆ ಪಡೆಯಲಿ, ರಕ್ತ ಯಾವುದಕ್ಕೆಲ್ಲ ಬಳಕೆಯಾಗುತ್ತದೆಂದು ಅವರ ಭಾಷೆಯಲ್ಲೇ ತಿಳಿಸಲಿ. ಅದರ ಜೊತೆಗೇ ಸರ್ಕಾರ ತಿರಸ್ಕೃತ ಅರಣ್ಯ ಹಕ್ಕು ಅರ್ಜಿಗಳನ್ನು ಮತ್ತೆ ತೆರೆಯಲಿ, ಹಾಡಿಯ ಪಡಿತರಕ್ಕೆ ರಾಗಿಯನ್ನೂ ಕಾಳನ್ನೂ ವರ್ಷವಿಡೀ ಸೇರಿಸಲಿ.