ತಾಯಿಯ ತೂಕ, ಮನೆಯವರ ತಾಳ್ಮೆ



ಗರ್ಭಿಣಿಗೆ ಎಂಟನೆಯ ತಿಂಗಳಾದಾಗ ಗರ್ಭಸ್ಥ ಶಿಶುವಿಗೆ ಲಿಂಗಧಾರಣೆ ಮಾಡಿಸುವ ಪದ್ಧತಿ ನಮ್ಮಲ್ಲಿದೆ. ಅಂದು ಬಂಧುಗಳೆಲ್ಲ ಕೂಡುತ್ತಾರೆ. 'ಎರಡು ಜೀವಕ್ಕೆ ಉಣ್ಣಬೇಕಮ್ಮಾ' ಎಂದು ಹಿರಿಯರು ಒತ್ತಾಯಿಸಿ ಬಡಿಸುತ್ತಾರೆ. ಆ ಅಕ್ಕರೆ ದೊಡ್ಡದು. ಆದರೆ ಆಕೆಯ ತೂಕವೆಷ್ಟೆಂದು ಕೇಳಿದರೆ ಎಷ್ಟೋ ಮನೆಗಳಲ್ಲಿ ಉತ್ತರ ದೊರೆಯದು.

ಭದ್ರಾವತಿಯ ನಮ್ಮ ಪರಿಚಿತರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ಮೀರಿದರೂ ನೋವು ಬಾರದಿರಲು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನೋವು ಬರಿಸುವ ಔಷಧಿ ಆರಂಭಿಸಿದರು. ಒಂದು ಹಗಲು, ಒಂದು ಇರುಳು ಕಳೆಯಿತು. ಹೊರಗೆ ಕುಳಿತಿದ್ದ ನಮ್ಮ ಸಹನೆ ತಪ್ಪಿತು. 'ಬೇಗ ಆಪರೇಷನ್ ಮಾಡಿ' ಎಂದರು ಕೆಲವರು. 'ಬೇಡವೇ ಬೇಡ' ಎಂದರು ಕೆಲವರು. 'ಮೈ ಬೆಳೆಸಿಕೊಂಡದ್ದರ ಫಲ' ಎಂದು ಒಬ್ಬರು ಆಡಿದ ಮಾತು ಒಳಗಿದ್ದವಳ ಕಿವಿಗೂ ಬಿತ್ತು. ಹೆರಿಗೆ ಸಹಜವಾಗಿಯೇ ಆಯಿತು. ಆ ಮಾತು ಮಾತ್ರ ಆಕೆಯ ಮನದಲ್ಲಿ ಉಳಿಯಿತು.

ನೋವು ಬರಿಸುವಾಗ ಮೊದಲು ಮಾತ್ರೆ, ಜೆಲ್ ಅಥವಾ ಸಣ್ಣ ಬಲೂನಿನಿಂದ ಗರ್ಭಕಂಠವನ್ನು ಮೃದುಗೊಳಿಸುತ್ತಾರೆ. ಬಳಿಕ ಆಕ್ಸಿಟೋಸಿನ್ನನ್ನು ಹನಿಹನಿಯಾಗಿ ಏರಿಸುತ್ತಾರೆ. ತೂಕ ಹೆಚ್ಚಿರುವ ತಾಯಂದಿರಲ್ಲಿ ಗರ್ಭಕಂಠ ಮೊದಲ 6 ಸೆಂಟಿಮೀಟರು ತೆರೆಯಲು ಹೆಚ್ಚು ಕಾಲ ಬೇಕು, ಔಷಧಿಯೂ ಹೆಚ್ಚು ಬೇಕು. ಸಿಸೇರಿಯನ್ ಸಂಭವವೂ ಹೆಚ್ಚುತ್ತದೆ. ಹಾಗೆಂದು ಅದು ಅನಿವಾರ್ಯವಲ್ಲ. ತಾಯಿ-ಮಗು ಕ್ಷೇಮವಾಗಿದ್ದರೆ ಮೊದಲ ಹಂತಕ್ಕೆ 24 ಗಂಟೆಯವರೆಗೂ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಕಾಯಬಹುದು; ನೀರು ಒಡೆದ ಮೇಲೆ 12ರಿಂದ 18 ಗಂಟೆ ಆಕ್ಸಿಟೋಸಿನ್ ಕೊಟ್ಟು ನೋಡಿಯೇ ವಿಫಲವಾಯಿತೆನ್ನಬೇಕೆಂಬುದು ವೈದ್ಯರ ಕ್ರಮ. ಆದರೆ ಮಗುವಿನ ಎದೆಬಡಿತದಲ್ಲಿ ಅಪಾಯ ಕಂಡು ಶಸ್ತ್ರಕ್ರಿಯೆ ಬೇಕೆಂದರೆ ನಾವು ಅಡ್ಡಿಯಾಗಕೂಡದು.

ತೂಕದ ಲೆಕ್ಕವೂ ತಿಳಿದಿರಲಿ. ಐದಡಿ ಎತ್ತರದವಳು ಗರ್ಭ ಧರಿಸುವ ಮುನ್ನವೇ 70 ಕಿಲೋ ಇದ್ದರೆ ಸ್ಥೂಲಕಾಯವೆಂದು ಎಣಿಸುತ್ತಾರೆ. ಅಂಥವರ ತೂಕ ಒಂಬತ್ತು ತಿಂಗಳಲ್ಲಿ 5ರಿಂದ 9 ಕಿಲೋ ಏರಿದರೆ ಸಾಕು. ಸಾಧಾರಣ ಮೈಕಟ್ಟಿನವರಿಗೆ 11.5ರಿಂದ 16 ಕಿಲೋ ಎಂದು 2009ರಲ್ಲಿ ಅಮೆರಿಕದ ತಜ್ಞರು ನಿಗದಿಪಡಿಸಿದ್ದಾರೆ. ನಮ್ಮ ದೇಶದವರಲ್ಲಿ ಇದಕ್ಕಿಂತ ಕಡಿಮೆ ತೂಕಕ್ಕೇ ಮಧುಮೇಹ ತಲೆದೋರುವುದರಿಂದ ಸಕ್ಕರೆ, ರಕ್ತದೊತ್ತಡಗಳ ಪರೀಕ್ಷೆ ತಪ್ಪಿಸಬಾರದು. ಬಸುರಿನಲ್ಲಿ ಉಪವಾಸವಿದ್ದು ತೂಕ ಇಳಿಸುವುದು ಸಲ್ಲದು. ಸೊಪ್ಪು, ಕಾಳು, ಹಾಲು ಇರಲಿ. ಹೋಳಿಗೆಯ ಮೇಲೆ ಹೋಳಿಗೆ ಬೇಡ. ವೈದ್ಯರು ಒಪ್ಪಿದರೆ ದಿನವೂ ನಡಿಗೆಯಿರಲಿ.

ಭದ್ರಾವತಿಯಿಂದ ಶಿವಮೊಗ್ಗ ಸುಮಾರು 20 ಕಿಲೋಮೀಟರು. ಹಗಲಿನಲ್ಲಿ ಹತ್ತಿರವೆನಿಸಿದ ಈ ದಾರಿ ನಡುರಾತ್ರಿ ನೋವೆದ್ದಾಗ ದೂರವಾಗುತ್ತದೆ. ತೂಕ ಹೆಚ್ಚಿದ್ದರೆ ಶಸ್ತ್ರಕ್ರಿಯೆ, ಅರಿವಳಿಕೆ, ರಕ್ತನಿಧಿ ಸೌಲಭ್ಯಗಳಿರುವ ಮೆಗ್ಗಾನ್ ಬೋಧನಾ ಆಸ್ಪತ್ರೆಯಂಥ ಕಡೆ ಮೊದಲೇ ತೋರಿಸಿಕೊಂಡಿರುವುದು ಲೇಸು.

ದೇಹವನ್ನು ಕೀಳೆಂದು ಕಾಣದ ಶರಣರ ಪರಂಪರೆ ನಮ್ಮದು. ಹೆರುವವಳ ದೇಹವನ್ನು ನಾವು ಹಳಿಯಬಹುದೆ? ಲಿಂಗಧಾರಣೆಯ ದಿನ ಮಂಗಳಾರತಿ ಮುಗಿದ ಮೇಲೆ ತಾಯಿ ಕಾರ್ಡನ್ನು ತೆರೆದು ತೂಕದ ಸಾಲನ್ನು ಮನೆಯವರು ಒಮ್ಮೆ ಓದಲಿ. ಹೆರಿಗೆ ಕೋಣೆಯ ಹೊರಗೆ ನಮ್ಮಿಂದ ಸಲ್ಲಬೇಕಾದ ಸೇವೆ ತಾಳ್ಮೆಯೊಂದೇ.