ಒಂದೇ ಸರೋವರ, ಎರಡು ಪಂದ್ಯ

ಲಂಡನ್ನಿನ ಹೈಡ್ ಪಾರ್ಕಿನಲ್ಲಿರುವ ಸರ್ಪೆಂಟೈನ್ ಸರೋವರದಲ್ಲಿ 2012ರ ಆಗಸ್ಟ್ ತಿಂಗಳಲ್ಲಿ ಒಲಿಂಪಿಕ್ಸ್‌ನ 10 ಕಿಲೋಮೀಟರ್ ಈಜಿನ ಪಂದ್ಯ ನಡೆದು, ಸ್ತ್ರೀಯರಲ್ಲಿ ಹಂಗೆರಿಯ ಏವಾ ರಿಸ್ತೋವ್, ಪುರುಷರಲ್ಲಿ ಟುನೀಸಿಯದ ಉಸಾಮ ಮೆಲ್ಲೂಲಿ ಸ್ವರ್ಣಪದಕ ಪಡೆದುದನ್ನು ಲೋಕವೆಲ್ಲ ನೋಡಿತು. ಅದೇ ಸರೋವರದಲ್ಲಿ ಕ್ರಿಸ್ಮಸ್ ಹಬ್ಬದ ಬೆಳಗ್ಗೆ, ನೀರಿನ ಉಷ್ಣತೆ ಸಾಮಾನ್ಯವಾಗಿ 4 ಡಿಗ್ರಿಯ ಆಸುಪಾಸಿಗೆ ಇಳಿದಿರುವಾಗ, ಸ್ಥಳೀಯ ಈಜುಗಾರರ ಸಂಘವೊಂದು 1864ರಿಂದ ನಡೆಸಿಕೊಂಡು ಬಂದಿರುವ ನೂರು ಗಜದ ಪುಟ್ಟ ಪಂದ್ಯವೊಂದುಂಟು. ಅದನ್ನು ನೋಡುವವರು ದಡದಲ್ಲಿ ಕಂಬಳಿ ಹೊದ್ದು ನಿಂತವರಷ್ಟೆ. ಇವೆರಡರಲ್ಲಿ ಹೆಚ್ಚು ವಿವೇಕದಿಂದ ಕೂಡಿದ್ದು ಯಾವುದೆಂದು ಕೇಳಿದರೆ, ಎರಡನೆಯದೆಂದು ನಾನು ನಿಸ್ಸಂಕೋಚವಾಗಿ ಹೇಳುವೆನು.

ಈ ಪಂದ್ಯದ ವಿಜೇತರಿಗೆ ಸಲ್ಲುವ ಬಟ್ಟಲನ್ನು 1904ರಲ್ಲಿ ದಾನವಾಗಿ ಕೊಟ್ಟವನು ನಾಟಕಕಾರ ಜೆ. ಎಂ. ಬ್ಯಾರಿ. ಬೆಳೆಯಲೊಲ್ಲದ ಬಾಲಕನ ಕಥೆಯಾದ 'ಪೀಟರ್ ಪ್ಯಾನ್' ಅದೇ ಡಿಸೆಂಬರಿನಲ್ಲಿ ರಂಗಕ್ಕೆ ಬಂದಿತು, ಬಟ್ಟಲಿಗೂ ಅದೇ ಹೆಸರು ಬಿದ್ದಿತು. ನರೆತ ತಲೆಯ ಅಜ್ಜಂದಿರು ಅಂಥ ಬಾಲಕನ ಹೆಸರಿನ ಬಟ್ಟಲಿಗಾಗಿ ನಡುಗುತ್ತ ನೀರಿಗಿಳಿಯುವುದರಲ್ಲಿ ವಿನೋದವಿಲ್ಲದಿಲ್ಲ. ಆದರೆ ನನ್ನ ಮೆಚ್ಚಿಕೆಗೆ ಕಾರಣ ಆ ವಿನೋದವಲ್ಲ, ಆ ಸಂಘದ ಎರಡು ನಿಯಮಗಳು.

ಮೊದಲನೆಯದು, ಸದಸ್ಯರಲ್ಲದವರಿಗೆ ಪ್ರವೇಶವಿಲ್ಲವೆಂಬುದು. ಇದು ಆಂಗ್ಲರ ಹಳೆಯ ಕ್ಲಬ್ಬುಗಳ ಠೀವಿಯೆಂದು ಮೇಲುನೋಟಕ್ಕೆ ತೋರಬಹುದಾದರೂ, ಅದರ ಮೂಲವಿರುವುದು ಕುಲೀನತೆಯ ಅಭಿಮಾನದಲ್ಲಲ್ಲ, ಮನುಷ್ಯದೇಹದ ಧರ್ಮದಲ್ಲಿ. ಮಾಘಮಾಸದ ನಸುಕಿನಲ್ಲಿ ತಣ್ಣೀರಿನ ಮೊದಲ ಚೆಂಬು ಬೆನ್ನಿಗೆ ಬಿದ್ದೊಡನೆ ನಮ್ಮ ಬಾಯಿಂದ ತಾನಾಗಿ ಹೊರಡುವ ಆ 'ಹಾ' ಎಂಬ ಏದುಸಿರನ್ನು ನೆನೆದುಕೊಂಡರೆ ವಿಷಯ ತಿಳಿಯುತ್ತದೆ. ಚರ್ಮ ಹಠಾತ್ತಾಗಿ ತಣಿದಾಗ ಎದೆ ಒಮ್ಮೆಲೆ ಗಾಳಿಯನ್ನು ಒಳಕ್ಕೆಳೆದುಕೊಳ್ಳುತ್ತದೆ, ಅನಂತರ ಉಸಿರು ಹತೋಟಿ ತಪ್ಪಿ ವೇಗವಾಗುತ್ತದೆ, ನಾಡಿಯೂ ರಕ್ತದೊತ್ತಡವೂ ಏರುತ್ತವೆ. ಬಚ್ಚಲುಮನೆಯಲ್ಲಿ ಇದು ನಗೆಯ ಸಂಗತಿ. ಮುಖ ನೀರಿನೊಳಗಿರುವಾಗ ಆ ಒಂದು ಉಸಿರು ನೀರನ್ನೇ ಎಳೆದುಕೊಂಡರೆ ಈಜು ಬಲ್ಲವನೂ ಮುಳುಗಬಹುದು. ಮೇಲಾಗಿ ಮುಖವನ್ನು ಮುಳುಗಿಸಿದಾಗ ಹೃದಯಕ್ಕೆ ನಿಧಾನವಾಗೆಂಬ ಆಜ್ಞೆಯೂ, ಮೈಗೆ ತಟ್ಟಿದ ಶೈತ್ಯದಿಂದ ವೇಗವಾಗೆಂಬ ಆಜ್ಞೆಯೂ ಏಕಕಾಲದಲ್ಲಿ ತಲಪಿ, ದುರ್ಬಲ ಹೃದಯದ ಬಡಿತ ತಾಳತಪ್ಪುವ ಭಯವುಂಟು. ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಈ ವಿಷಯವನ್ನು ದಶಕಗಳ ಕಾಲ ಪರಿಶೀಲಿಸಿದ ವಿದ್ವಾಂಸರು. ಈ ಆಘಾತ ಮೊದಲ ಅರ್ಧ ನಿಮಿಷದಲ್ಲಿ ಪರಾಕಾಷ್ಠೆ ಮುಟ್ಟಿ ಎರಡು ಮೂರು ನಿಮಿಷಗಳೊಳಗೆ ಇಳಿಯುವುದೆಂದೂ, ಕೆಲವೇ ನಿಮಿಷಗಳ ಮುಳುಗನ್ನು ಐದಾರು ಬಾರಿ ಅಭ್ಯಾಸ ಮಾಡಿದವರಲ್ಲಿ ಅದರ ತೀವ್ರತೆ ಬಹುಮಟ್ಟಿಗೆ ಕುಗ್ಗುವುದೆಂದೂ ಇಂಥ ಪರಿಶೀಲನೆಗಳಿಂದ ತಿಳಿದುಬಂದಿದೆ.

ನೂರು ಗಜವೆಂದರೆ ಸುಮಾರು 91 ಮೀಟರು. ಸಾಧಾರಣ ಈಜುಗಾರನಿಗೆ ಎರಡು ನಿಮಿಷದ ಕೆಲಸ. ಅಂದರೆ ಕೈಕಾಲು ಮರಗಟ್ಟಿ ಸೋಲುವುದಕ್ಕೆ ಎಷ್ಟೋ ಮುಂಚೆಯೇ ಪಂದ್ಯ ಮುಗಿದಿರುತ್ತದೆ, ಆದರೆ ಪಂದ್ಯವೆಲ್ಲ ಆ ಮೊದಲ ಆಘಾತದ ಗಳಿಗೆಯೊಳಗೇ ನಡೆದುಹೋಗುತ್ತದೆ. ಮೊದಲನೆಯ ಅಪಾಯಕ್ಕೆ ದೂರದ ಮಿತಿ, ಎರಡನೆಯದಕ್ಕೆ ಸದಸ್ಯರಿಗಷ್ಟೇ ಪ್ರವೇಶವೆಂಬ ಅಭ್ಯಾಸದ ಕಟ್ಟುಪಾಡು: ದೇಹಶಾಸ್ತ್ರಜ್ಞರು ಇದನ್ನು ಅಳೆದು ತೋರಿಸುವ ಎಷ್ಟೋ ಮುಂಚೆ, ವಾರವಾರವೂ ನೀರಿಗಿಳಿದ ಅನುಭವದಿಂದಲೇ ಆ ಹಳೆಯ ಈಜುಗಾರರು ಇದನ್ನು ಕಂಡುಕೊಂಡಿರಬೇಕು. ದೂರದ ಈಜಿನ ಮಾತು ಬೇರೆ: ಅಂತರರಾಷ್ಟ್ರೀಯ ನಿಯಮದ ಪ್ರಕಾರ ನೀರು 16 ಡಿಗ್ರಿಗಿಂತ ತಣ್ಣಗಿದ್ದರೆ ತೆರೆದ ನೀರಿನ ದೂರದ ಪಂದ್ಯ ನಡೆಯಕೂಡದು. ಆ ನಿಯಮ ತನ್ನ ಮಟ್ಟಿಗೆ ಸರಿಯೇ; ಗಂಟೆಗಟ್ಟಲೆ ಈಜುವವನ ಮೈಯ ಕಾವನ್ನು ನೀರು ಗಾಳಿಗಿಂತ ಎಷ್ಟೋ ಬೇಗನೆ ಹೀರಬಲ್ಲುದು.

ಸಂಘದ ಎರಡನೆಯ ನಿಯಮ ಹ್ಯಾಂಡಿಕ್ಯಾಪ್ ಪದ್ಧತಿ. ಸ್ಪರ್ಧಿಗಳೆಲ್ಲ ಒಟ್ಟಿಗೆ ಹಾರುವುದಿಲ್ಲ. ಹಿಂದಿನ ಪಂದ್ಯಗಳಲ್ಲಿ ಅವರವರು ತೆಗೆದುಕೊಂಡ ಕಾಲವನ್ನು ಲೆಕ್ಕ ಹಾಕಿ, ಅತ್ಯಂತ ನಿಧಾನಿಯನ್ನು ಮೊದಲು, ಅತ್ಯಂತ ವೇಗಿಯನ್ನು ಕೊನೆಗೆ, ಸೆಕೆಂಡುಗಳ ಅಂತರದಲ್ಲಿ ಬಿಡುತ್ತಾರೆ. ಲೆಕ್ಕ ಸರಿಯಾಗಿದ್ದರೆ ಎಲ್ಲರೂ ಒಟ್ಟಿಗೇ ಗುರಿ ಮುಟ್ಟಬೇಕು. ಮುಂದಾಗುವವನು ತನ್ನ ಎಂದಿನ ಈಜಿಗಿಂತ ಚೆನ್ನಾಗಿ ಈಜಿದವನು. ಪಂದ್ಯಕ್ಕೆ ಇಳಿಯಬೇಕಾದರೆ ಹಿಂದೆ ಪದೇ ಪದೇ ಇಳಿದಿರಲೇಬೇಕು, ಇಲ್ಲವಾದರೆ ಲೆಕ್ಕಕ್ಕೆ ಆಧಾರವೇ ಇರದು. ಹೀಗಾಗಿ ನ್ಯಾಯಕ್ಕಾಗಿ ಮಾಡಿದ ಏರ್ಪಾಡು ರಕ್ಷಣೆಗೂ ಒದಗಿಬರುತ್ತದೆ.

ಈಗ ತಣ್ಣೀರಿನ ಈಜು ಒಂದು ಭರಾಟೆಯಾಗಿದೆ. ಇಂಗ್ಲೆಂಡಿನ ವಿಂಡರ್‌ಮಿಯರ್‌ನಂಥ ಸರೋವರದಲ್ಲಿ ಬೇಸಗೆಯ ಆರಂಭದ ಪಂದ್ಯಕ್ಕೆ ಸಾವಿರಾರು ಮಂದಿ ಸೇರುತ್ತಾರೆ. ಉದ್ಯೋಗಕ್ಕೆಂದು ಅಲ್ಲಿಗೆ ಹೋಗಿ ನೆಲೆಸಿದ ನಮ್ಮ ತರುಣರಿಗೂ ಇಂಥವುಗಳಲ್ಲಿ ಆಸೆ ಹುಟ್ಟುವುದು ಸಹಜ. ರಬ್ಬರಿನ ಈಜುಡುಗೆ, ಕಾವಲಿನ ದೋಣಿ, ವೈದ್ಯರು ಎಲ್ಲವೂ ಅಲ್ಲಿರುವುದರಿಂದ ಅವನ್ನು ಹಳಿಯಲಾರೆ. ಆದರೆ ಕೊಳದ ಬೆಚ್ಚನೆಯ ನೀರಿನಲ್ಲಿ ಮೈಲಿಗಟ್ಟಲೆ ಈಜಿದವನು ಆ ಮೈಲಿಗಳನ್ನೇ ಅರ್ಹತೆಯೆಂದು ಭಾವಿಸುವುದು ತಪ್ಪು. ಆಳದ ಸರೋವರದಲ್ಲಿ ಮೇಲಿನ ಬೆಚ್ಚನೆಯ ಪದರ ತೆಳುವಾಗಿರುತ್ತದೆ, ಅಡಿಯಲ್ಲಿ ಚಳಿಗಾಲದ ನೀರೇ ಉಳಿದಿರುತ್ತದೆ. ರಾತ್ರಿ ಗಾಳಿ ಬೀಸಿ ಮೇಲ್ಪದರವನ್ನು ಆಚೆ ದಡಕ್ಕೆ ತಳ್ಳಿದರೆ, ನಿನ್ನೆ ಅಳೆದ ಉಷ್ಣತೆ ಇಂದು ಸುಳ್ಳಾಗುತ್ತದೆ.

ಆದ್ದರಿಂದ ಪ್ರವೇಶಶುಲ್ಕ ಪಡೆಯುವ ಆಯೋಜಕರು ಎಷ್ಟು ದೂರ ಈಜಬಲ್ಲಿರಿ ಎಂಬುದರ ಜೊತೆಗೆ, ಎಷ್ಟು ತಣ್ಣನೆಯ ನೀರಿನಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಸಲ ಇಳಿದಿದ್ದೀರಿ ಎಂಬುದನ್ನೂ ಕೇಳತಕ್ಕದ್ದು. ಸಮಾಧಾನಕರ ಉತ್ತರವಿಲ್ಲದವರಿಗೆ ಹಣ ಹಿಂತಿರುಗಿಸತಕ್ಕದ್ದು. ಗುರಿ ಮುಟ್ಟಿದ ಮೇಲಿನ ಅರ್ಧ ಗಂಟೆಗೂ ಅಷ್ಟೇ ಗಮನವಿರಬೇಕು, ಏಕೆಂದರೆ ನೀರಿನಿಂದ ಎದ್ದ ಮೇಲೂ ದೇಹದ ಒಳಗಿನ ಉಷ್ಣತೆ ಕೆಲಕಾಲ ಇಳಿಯುತ್ತಲೇ ಇರುತ್ತದೆ. ದಡದಲ್ಲಿ ನಗುತ್ತ ಮಾತಾಡುತ್ತಿದ್ದವನು ಹತ್ತು ನಿಮಿಷದ ತರುವಾಯ ಅಂಗಿಯ ಗುಂಡಿ ಹಾಕಲಾರದೆ, ಚಹದ ಲೋಟವನ್ನು ಎರಡು ಕೈಯಲ್ಲಿ ಹಿಡಿದರೂ ತುಳುಕಿಸುತ್ತ ನಿಲ್ಲುವುದುಂಟು. ಅಂಥವನ ಕೊರಳಿಗೆ ಪದಕ ಹಾಕಿ ಛಾಯಾಚಿತ್ರಕ್ಕೆ ನಿಲ್ಲಿಸುವ ಬದಲು, ಒದ್ದೆ ಬಟ್ಟೆ ತೆಗೆಸಿ, ಒಣಗಿದ ಉಣ್ಣೆಯ ಉಡುಪು ತೊಡಿಸಿ, ಬಿಸಿನೀರಿನ ಸ್ನಾನಕ್ಕೆ ಆತುರಪಡದಂತೆ ತಡೆದು, ಅವನನ್ನು ಒಂಟಿಯಾಗಿ ಕಾರು ನಡೆಸಿಕೊಂಡು ಹೋಗಗೊಡದಿರುವುದು ಪಂದ್ಯ ನಡೆಸುವವರ ಹೊಣೆಯೇ ಹೊರತು ಅವನೊಬ್ಬನದಲ್ಲ.