ಜಾರುಬಂಡೆ ಪಂಚಾಯಿತಿ

ಮಕ್ಕಳೇ, ಈ ಬೇಸಿಗೆ ರಜೆಗೆ ಮಧುಗಿರಿಯ ನಮ್ಮ ಮನೆ ತುಂಬಿಹೋಗಿತ್ತು. ಶಿರಾದಿಂದ ಮಗಳ ಇಬ್ಬರು ಗಂಡುಮಕ್ಕಳು, ಕೊರಟಗೆರೆಯಿಂದ ತಮ್ಮನ ಮೊಮ್ಮಗ, ಪಾವಗಡದಿಂದ ತಂಗಿಯ ಮೊಮ್ಮಗಳು. ಬೆಂಗಳೂರಿನ ಕಡೆ ಹೋಗಿ ಒಂದು ದಿನ ನೀರಿನ ಪಾರ್ಕಿನಲ್ಲಿ ಆಡಿ ಬರೋಣ ಎಂದು ನಾನು ಮಾತು ಕೊಟ್ಟಿದ್ದೆ. ಯಾವ ಪಾರ್ಕು ಎಂದು ಮಾತ್ರ ಹೇಳಿರಲಿಲ್ಲ. ಅಲ್ಲಿಗೆ ಶುರುವಾಯಿತು ನೋಡಿ ಜಗಳ.

"ಎಲ್ಲಕ್ಕಿಂತ ಎತ್ತರದಿಂದ ಎಲ್ಲಿ ಜಾರಬಹುದೋ ಅಲ್ಲಿಗೆ ಹೋಗೋಣ" ಎಂದ ಶಿರಾದ ದೊಡ್ಡವನು. "ಅಲೆ ಬರೋ ಕೊಳ ದೊಡ್ಡದಿರಬೇಕು" ಎಂದ ಚಿಕ್ಕವನು. ಕೊರಟಗೆರೆಯವನದು ಐಸ್‌ಕ್ರೀಮ್ ಅಂಗಡಿಗಳ ಲೆಕ್ಕ. ಕೊನೆಗೆ ಪಂಚಾಯಿತಿ ಜಗಲಿಗೆ ಬಂತು. ತೀರ್ಪು ಹೇಳುವ ಕೆಲಸ ನನ್ನ ತಲೆಗೆ ಬಿತ್ತು.

"ನೋಡ್ರಪ್ಪಾ," ಎಂದೆ, "ಜಾರುವ ಕೊಳವೆ ಫೈಬರ್‌ಗ್ಲಾಸ್‌ನದು. ಪಂಪು ನೀರನ್ನು ಮೇಲಕ್ಕೆತ್ತುತ್ತದೆ. ಅದು ತೆಳ್ಳಗೆ ಹರಿದು ಬರುವುದರಿಂದ ಮೈಗೂ ಕೊಳವೆಗೂ ತಿಕ್ಕಾಟ ಕಡಿಮೆಯಾಗಿ ಸರ್ರನೆ ಜಾರುತ್ತೀರಿ. ಅಲೆಯ ಕೊಳದ ಗೋಡೆಯ ಹಿಂದೆ ಕೋಣೆಗಳಿರುತ್ತವೆ. ದೊಡ್ಡ ಫ್ಯಾನುಗಳು ಅಲ್ಲಿಗೆ ಗಾಳಿ ನೂಕಿ, ಬಿಟ್ಟು, ಮತ್ತೆ ನೂಕಿದರೆ ಅಲೆ ಏಳುತ್ತದೆ. ದುಡ್ಡಿದ್ದವರು ಯಾರು ಬೇಕಾದರೂ ಇವನ್ನೆಲ್ಲ ತರಿಸಿ ಹಾಕಬಹುದು. ಒಬ್ಬ ಐವತ್ತು ಅಡಿ ಕಟ್ಟಿದರೆ ಇನ್ನೊಬ್ಬ ಅರವತ್ತು ಅಡಿ ಕಟ್ಟುತ್ತಾನೆ. ಆಮೇಲೆ ಐವತ್ತು ಅಡಿಯವನನ್ನು ಕೇಳುವವರಾರು?"

"ಹಾಗಾದ್ರೆ ದುಡ್ಡು ಕೊಟ್ಟು ತರಕ್ಕಾಗದೇ ಇರೋದು ಏನು ತಾತಾ?"

"ಕಥೆ" ಎಂದೆ. ಮೂವರೂ ನಕ್ಕರು. ಆದರೆ ನಾನು ಹೇಳಿದ್ದು ನಿಜ.

ಅಮೆರಿಕದ ಫ್ಲಾರಿಡಾದಲ್ಲಿ ಡಿಸ್ನಿಯವರು 1989ರಲ್ಲಿ ಟೈಫೂನ್ ಲಗೂನ್ ಎಂಬ ನೀರಿನ ಪಾರ್ಕು ತೆರೆದರು. ಭಾರೀ ಚಂಡಮಾರುತ ಬಂದು, ಸೀಗಡಿ ಹಿಡಿಯುವ ದೋಣಿಯೊಂದನ್ನು ಎತ್ತಿ ಬೆಟ್ಟದ ತುದಿಗೆ ಎಸೆದು ಹೋಯಿತು ಎಂಬುದು ಅದರ ಕಥೆ. ಅಲ್ಲಿ ಕಟ್ಟಿದ ಬೆಟ್ಟದ ನೆತ್ತಿಯ ಮೇಲೆ ಆ ದೋಣಿಯನ್ನೂ ಕೂರಿಸಿದ್ದಾರೆ. 1995ರಲ್ಲಿ ಅವರೇ ಬ್ಲಿಜ಼ರ್ಡ್ ಬೀಚ್ ಎಂಬ ಇನ್ನೊಂದನ್ನು ಮಾಡಿದರು. ಬಿಸಿಲೂರಾದ ಫ್ಲಾರಿಡಾದಲ್ಲಿ ಒಮ್ಮೆ ಹಿಮ ಬಿತ್ತಂತೆ. ಜನ ಅವಸರದಿಂದ ಹಿಮದ ಮೇಲೆ ಜಾರುವ ತಾಣ ಕಟ್ಟಿದರಂತೆ. ಅಷ್ಟರಲ್ಲಿ ಬಿಸಿಲು ಬಂದು ಹಿಮವೆಲ್ಲ ಕರಗಿ ನೀರಾಯಿತಂತೆ! ದುಬೈನಲ್ಲಿ 1999ರಲ್ಲಿ ಶುರುವಾದ ವೈಲ್ಡ್ ವಾಡಿಯ ನಾಯಕ ಜುಹಾ. ಅರಬರ ಜನಪದ ಕಥೆಗಳಲ್ಲಿ ಅವನು ನಮ್ಮ ತೆನಾಲಿ ರಾಮನ ಹಾಗೆ, ನಗಿಸುತ್ತಲೇ ಬುದ್ಧಿ ಹೇಳುವವನು. ಇಂಥ ಕಡೆ ಆಡಿದ ಮಗು ಮನೆಗೆ ಬಂದು ಅಡಿಯ ಲೆಕ್ಕ ಹೇಳುವುದಿಲ್ಲ, ದೋಣಿ ಬೆಟ್ಟ ಹತ್ತಿದ ಕಥೆ ಹೇಳುತ್ತದೆ.

ನಮ್ಮ ರಾಜ್ಯದಲ್ಲೂ ಒಳ್ಳೆಯ ಪಾರ್ಕುಗಳಿವೆ. ಮೈಸೂರಿನಲ್ಲಿ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಇದೆ. ಬಿಡದಿಯ ಬಳಿ 2005ರಲ್ಲಿ ವಂಡರ್‌ಲಾ ಬಂತು. ಅದರ ಅಣ್ಣ ಇರುವುದು ಕೊಚ್ಚಿಯಲ್ಲಿ. 2000ರಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಿಂದ ಅದನ್ನು ಶುರು ಮಾಡಿದವರು, ವಿ-ಗಾರ್ಡ್ ಸ್ಟೆಬಿಲೈಸರ್ ಕಂಪನಿ ಕಟ್ಟಿದ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿ.

ಇಷ್ಟು ಹೊತ್ತೂ ಪಾವಗಡದ ಹುಡುಗಿ ಬಾಯಿ ಬಿಟ್ಟಿರಲಿಲ್ಲ. ಈಗ ಮೆಲ್ಲಗೆ ಕೇಳಿದಳು. "ತಾತಾ, ಅಷ್ಟೊಂದು ನೀರನ್ನ ಆಟ ಆಡಿ ಚೆಲ್ಲಿಬಿಡ್ತಾರಾ? ನಮ್ಮಜ್ಜಿ ಎರಡು ಕ್ಯಾನ್ ನೀರಿಗೆ ಸಾಲಲ್ಲಿ ನಿಲ್ತಾರೆ. ನಾನು ಬರಲ್ಲ, ನೀವೆಲ್ಲ ಹೋಗಿಬನ್ನಿ."

ಜಗಲಿ ತಣ್ಣಗಾಯಿತು. ಅವಳ ಅಜ್ಜಿ ಎಂದರೆ ನನ್ನ ತಂಗಿ. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ ಬೀಳುತ್ತದೆ, ದೊಡ್ಡವರ ಮೂಳೆ, ಕೀಲು ಬಿಗಿಯುತ್ತವೆ. ಅದಕ್ಕೇ ಅಲ್ಲಿ ಶುದ್ಧ ನೀರಿನ ಘಟಕದ ಮುಂದೆ ಸಾಲು.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. "ಒಳ್ಳೆಯ ಪಾರ್ಕಿನಲ್ಲಿ ಜಾರಿ ಬಂದ ನೀರು ಚರಂಡಿಗೆ ಹೋಗುವುದಿಲ್ಲ ಪುಟ್ಟಿ. ಕೆಳಗಿನ ತೊಟ್ಟಿಗೆ ಸೇರಿ, ಮರಳಿನ ಫಿಲ್ಟರಿನಲ್ಲಿ ಸೋಸಿ, ಕ್ಲೋರಿನ್ ಬೆರೆತು ಮತ್ತೆ ಮೇಲಕ್ಕೆ ಹೋಗುತ್ತದೆ. ಆದರೂ ಆವಿಯಾಗಿದ್ದು, ಎರಚಿಹೋಗಿದ್ದು, ಫಿಲ್ಟರು ತೊಳೆಯಲು ಬಳಸಿದ್ದು, ಇಷ್ಟನ್ನು ಮತ್ತೆ ತುಂಬಲೇಬೇಕು. ಅದನ್ನು ಮಳೆನೀರಿನಿಂದ ತುಂಬುತ್ತಾರೋ, ನೆಲ ಕೊರೆದು ತುಂಬುತ್ತಾರೋ ಎಂಬುದೇ ದೊಡ್ಡ ಪ್ರಶ್ನೆ. ನೀನು ಕೇಳಿದ್ದು ಸರಿಯಾಗಿದೆ."

ಹುರಿದ ಕಡಲೆಕಾಯಿ ತಂದಿಟ್ಟ ನಮ್ಮ ಮನೆಯ ಅಜ್ಜಿ ಈಗ ಬಾಯಿ ಹಾಕಿದಳು. "ಸೀರೆ ಉಟ್ಟವರನ್ನು ನೀರಿಗೆ ಬಿಡಲ್ವಂತೆ. ಹತ್ತಿ ಬಟ್ಟೆಯ ಎಳೆ ಬಿಟ್ಟು ಫಿಲ್ಟರು ಕಟ್ಟುತ್ತಂತೆ. ಅದು ಸರಿ. ಆದರೆ ದಡದಲ್ಲಿ ಕೂರೋ ಅಜ್ಜಿಗೆ ನೆರಳು ಬೇಡವಾ? ನನ್ನ ಲೆಕ್ಕದಲ್ಲಿ ನೆರಳಿರೋ ಪಾರ್ಕೇ ದೊಡ್ಡ ಪಾರ್ಕು." ಆಮೇಲೆ ನಗುತ್ತಾ ಅಂದಳು, "ಜಾರೋಕೆ ನನಗೇನು ಹೊಸದಾ? ನಮ್ಮೂರ ಬಂಡೆ ಮೇಲೆ ತಂಗಡಿ ಸೊಪ್ಪಿನ ಕೊಂಬೆ ಹಾಕಿಕೊಂಡು ಕೂತು ಎಷ್ಟು ಜಾರಿದ್ದೀನಿ! ಲಂಗ ಹರಿದು ಅಮ್ಮನ ಕೈಲಿ ಏಟೂ ತಿಂದಿದ್ದೀನಿ. ಮಳೆ ಬಂದರೆ ಆ ಬಂಡೆ ಮೇಲಿನ ನೀರೆಲ್ಲ ಹರಿದು ಕೆರೆಗೆ ಸೇರ್ತಿತ್ತು."

ಸರಿ, ಮಕ್ಕಳು ಜಗಳ ಬಿಟ್ಟು ನೋಟ್‌ಬುಕ್ಕು ತೆಗೆದರು. ನಮ್ಮ ನಾಲ್ಕು ತಾಲ್ಲೂಕಿನದೇ ಒಂದು ಪಾರ್ಕಿನ ಚಿತ್ರ ಬರೆಯತೊಡಗಿದರು. ನಡುವೆ ಮಧುಗಿರಿ ಬೆಟ್ಟ. ಕೋಟೆಯವರು ಬಂಡೆಯ ದೊಣೆಗಳಲ್ಲಿ ಮಳೆನೀರು ನಿಲ್ಲಿಸುತ್ತಿದ್ದ ಹಾಗೆ ನೀರೆಲ್ಲ ಮೇಲೇ ನಿಲ್ಲಬೇಕು. ಕೊರಟಗೆರೆಯವನು ಜಯಮಂಗಲಿಯನ್ನು ಬರೆದ. ಅದು ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆ ಹಾದು ಉತ್ತರ ಪಿನಾಕಿನಿ ಸೇರುವ ಹೊಳೆ. ಹುಟ್ಟುವಲ್ಲಿ ನಾಮದ ಚಿಲುಮೆ ಇರಲೇಬೇಕು, ಹಣೆಗೆ ನಾಮ ಇಡಲು ನೀರಿಲ್ಲದೆ ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ತರಿಸಿದ ಎನ್ನುತ್ತಾರಲ್ಲ! ಶಿರಾದ ಚಿಕ್ಕವನು ಕಗ್ಗಲಡುವಿನ ಹುಣಸೇಮರ ಬರೆದು ತುಂಬಾ ಬಣ್ಣದ ಕೊಕ್ಕರೆಗಳನ್ನು ಕೂರಿಸಿದ. ಅದರ ನೆರಳು ಅಜ್ಜಿಯರಿಗೆ. ಪಂಪು ಓಡಿಸಲು ಪಾವಗಡದ ಬಿಸಿಲು ಎಂದ ದೊಡ್ಡವನು. ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕು ಇರುವಾಗ ಕರೆಂಟಿಗೇನು ಕೊರತೆ?

ಕೊನೆಗೆ ಪಾವಗಡದ ಹುಡುಗಿ ಹಾಳೆಯ ಕೆಳಗೆ ನಿಯಮ ಬರೆದಳು: "ಮಳೆ ಬಂದ ವರ್ಷ ಮಾತ್ರ ಬಾಗಿಲು ತೆರೆಯುವುದು."

"ಅಯ್ಯೋ, ಮಳೆ ಬರದಿದ್ರೆ?" ಎಂದರು ಹುಡುಗರು.

"ಜಾರುಬಂಡೆ ಇಲ್ವೇನ್ರೋ?" ಎಂದಳು ಅಜ್ಜಿ.

ಅದಕ್ಕಿಂತ ದೊಡ್ಡ ತೀರ್ಪು ನನ್ನಲ್ಲಿರಲಿಲ್ಲ. ಬರುವ ಭಾನುವಾರ ಹೊರಟಿದ್ದೇವೆ. ಪಾವಗಡದವಳೂ ಬರುತ್ತಾಳೆ, ಆದರೆ ಒಂದು ಷರತ್ತು. ಯಾವ ಪಾರ್ಕಿಗೇ ಹೋಗಲಿ, ಟಿಕೆಟ್ ಕೊಳ್ಳುವ ಮೊದಲು ಅವಳ ಚೀಟಿ ಓದಬೇಕು. ಅದರಲ್ಲಿರುವುದು ಎರಡೇ ಪ್ರಶ್ನೆ: "ಈ ನೀರು ಎಲ್ಲಿಂದ ಬರುತ್ತೆ? ಆಮೇಲೆ ಎಲ್ಲಿಗೆ ಹೋಗುತ್ತೆ?" ಚೀಟಿ ನನ್ನ ಜೇಬಿನಲ್ಲಿ ಭದ್ರವಾಗಿದೆ.

ಮಕ್ಕಳೇ, ನಿಮ್ಮೂರಿನ ಕೆರೆಗೋ, ಬಾವಿಗೋ, ಬಂಡೆಗೋ ಒಂದು ಕಥೆ ಇದ್ದೇ ಇರುತ್ತದೆ. ಈ ವಾರ ಅಜ್ಜಿ ತಾತನ ಹತ್ತಿರ ಕೂತು ಅದನ್ನು ಕೇಳಿ ಬರೆದಿಡಿ. ಹಾಗೇ ಅವರು ಎಲ್ಲಿ ಜಾರುತ್ತಿದ್ದರು ಅಂತಲೂ ಕೇಳಿ.